ಆಯಿಲ್ ಏರಿದ ಗಾಡಿ

ಇಂಜಿನ್ ಆಯಿಲ್ ಕಡಿಮೆಯಾಗಿದೆ ಎಂದು ಡ್ರೈವರ್ ಬಂದು ಹೇಳುವುದು ಯಾವ ಗಾಡಿ ಮಾಲೀಕನಿಗೂ ಹೊಸದಲ್ಲ. ಹೆಚ್ಚಾಗಿದೆ ಎಂದು ಒಬ್ಬರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದಾವಣಗೆರೆ ವಿನೋಬನಗರದ ನಮ್ಮ ಮನೆಯ ಮುಂದೆ ಬೆಳಿಗ್ಗೆ ಆರೂವರೆಗೆ ಪಿಕಪ್ಪಿನ ಬಾನೆಟ್ ಎತ್ತಿ ನಿಂತಿದ್ದ ನಮ್ಮ ಡ್ರೈವರ್ ಆಯಿಲ್ ಅಳೆಯುವ ಕಡ್ಡಿಯನ್ನು ಬಟ್ಟೆಯಿಂದ ಒರೆಸಿ, ಮತ್ತೆ ಒಳಗಿಳಿಸಿ, ಎಳೆದು ನನ್ನ ಮುಂದೆ ಹಿಡಿದರು.

"ನೋಡ್ರಿ ಅಣ್ಣಾರೆ, ಮೇಲಿನ ಗೆರೆ ದಾಟಿ ಅರ್ಧ ಬೆರಳು ಮ್ಯಾಲೈತೆ. ಹೋದ ವಾರ ಗೆರೆಗೆ ಸರಿ ಇತ್ತು. ನಾನು ಒಂದು ಹನಿ ಹಾಕಿಲ್ಲ."

"ಸರ್ವೀಸಿನೋರು ಜಾಸ್ತಿ ಹಾಕಿರ್ತಾರೆ ಬಿಡ್ರಿ ಕಾಕಾ. ಕಡಿಮೆ ಆದ್ರೆ ಹೇಳ್ರಿ" ಎಂದು ನಕ್ಕೆ.

ಅವರು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು, "ವಾಸ್ನಿನೂ ಬ್ಯಾರೆ ಐತೆ" ಎಂದರು. ಅಷ್ಟರಲ್ಲಿ ನಾನು ಬೈಕ್ ಹತ್ತಿಯಾಗಿತ್ತು.

ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಊರು ಆವರಗೆರೆ. ಒಂಬತ್ತು ವರ್ಷದಿಂದ ನನ್ನ ಗಾಡಿ ಓಡಿಸುತ್ತಿದ್ದರು. ಮೊದಲು ಹಳೆಯ ಪಿಕಪ್, ಅದನ್ನು ಮಾರಿದ ಮೇಲೆ ಹೊಗೆಯ ಹೊಸ ನಿಯಮಕ್ಕೆ ತಕ್ಕಂತೆ ಬಂದ ಈ ದೊಡ್ಡ ಪಿಕಪ್. ಕೆಲಸ ಒಂದೇ. ಹರಿಹರದ ಒಂದು ಫೌಂಡ್ರಿಯಿಂದ ಪಂಪಿನ ಬಾಡಿ, ಪುಲ್ಲಿ, ಬ್ರಾಕೆಟ್ಟುಗಳ ಹಸಿ ಎರಕವನ್ನು ತುಂಬಿಕೊಂಡು ದಾವಣಗೆರೆಯ ಲೇಥ್ ಅಂಗಡಿಗಳಿಗೆ ಇಳಿಸುವುದು, ತಿರುವಿ ಮುಗಿಸಿದ ಮಾಲನ್ನು ವಾಪಸ್ ಒಯ್ಯುವುದು. ಒಂದು ಕಡೆಗೆ ಹದಿನೈದು ಕಿಲೋಮೀಟರ್. ದಿನಕ್ಕೆ ಮೂರು ಟ್ರಿಪ್ಪು, ಕೆಲವೊಮ್ಮೆ ನಾಲ್ಕು. ಫೌಂಡ್ರಿಯಲ್ಲಿ ಗಾಡಿ ತೂಗುವ ವೇಬ್ರಿಜ್ಜಿನ ಮುಂದೆ ಸಾಲು ಇದ್ದರೆ ಗಾಡಿ ಅರ್ಧ ಗಂಟೆ ಇಂಚಿಂಚು ಮುಂದೆ ಸರಿಯಬೇಕು.

ಆ ಗಾಡಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಎರಡು ಮೂರು ದಿನಕ್ಕೊಮ್ಮೆ, ಯಾವ ಕಾರಣವೂ ಇಲ್ಲದೆ ನಿಂತಲ್ಲೇ ಅದರ ಇಂಜಿನ್ನಿನ ಓಟ ಏರುತ್ತಿತ್ತು. ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಕೆಳಗಿನಿಂದ ಇಸ್ತ್ರಿ ಪೆಟ್ಟಿಗೆ ಬಟ್ಟೆಗೆ ಅಂಟಿದಂಥ ವಾಸನೆ. ಮೀಟರಿನ ಮೇಲೆ ಕೇಸರಿ ಬಣ್ಣದ ಒಂದು ದೀಪ. ಅಂಥ ಹೊತ್ತಿನಲ್ಲಿ ಲೇಥ್ ಅಂಗಡಿಯ ಮುಂದೆ ಗಾಡಿ ನಿಂತರೆ ಕಾಕಾ ಕೀಲಿ ತಿರುಗಿಸುತ್ತಿರಲಿಲ್ಲ. ಸೀಟಿನ ಮೇಲೆ ಸುಮ್ಮನೆ ಕೂತಿರುತ್ತಿದ್ದರು.

"ಯಾಕ್ರಿ ಕಾಕಾ, ನಿಂತ ಗಾಡಿಗೆ ಡೀಸೆಲ್ ಸುಡ್ತೀರಿ? ಆಫ್ ಮಾಡ್ರಿ" ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

"ಏನೋ ಕೆಲ್ಸ ನಡೆಸೈತೆ ಅಣ್ಣಾರೆ ಅದು. ಮುಗಿಸ್ಕಳ್ಳಿ, ತಾನೇ ಇಳೀತೈತೆ."

"ಅದಕ್ಕೇನು ಕೆಲ್ಸ? ಕೆಲ್ಸ ಇರೋದು ನಮಗೆ. ಆಫ್ ಮಾಡ್ರಿ."

ಆಫ್ ಮಾಡುತ್ತಿದ್ದರು. ಇದನ್ನು ಈಗ ಬರೆಯುವಾಗ ಕೈ ತಡೆಯುತ್ತದೆ. ಆದರೆ ಇದನ್ನು ಬರೆಯದೆ ಮುಂದಿನದನ್ನು ಬರೆದರೆ ತಪ್ಪೆಲ್ಲ ಕಂಪನಿಯದೇ ಎಂದಾಗಿಬಿಡುತ್ತದೆ.

ಆಯಿಲ್ ಏರಿದೆ ಎಂದು ಹೇಳಿದ ಮೂರನೆಯ ವಾರ, ಹರಿಹರದಿಂದ ಬರುವಾಗ ಹಳೆಯ ರಸ್ತೆಯಲ್ಲಿ ಗಾಡಿ ಎಳೆಯುವುದನ್ನು ಬಿಟ್ಟಿತು. ಬೆನ್ನ ಮೇಲೆ ಎರಡು ಟನ್ ಹತ್ತಿರ ಎರಕ. ಕಾಲು ಪೂರ್ತಿ ಒತ್ತಿದರೂ ಮೂವತ್ತರ ಮೇಲೆ ಹೋಗಲಿಲ್ಲವಂತೆ. ಆಮೇಲೆ ಆಯಿಲ್ ಒತ್ತಡದ ಕೆಂಪು ದೀಪ ಹತ್ತಿತು, ಕೆಳಗಿನಿಂದ ಟಕ್ ಟಕ್ ಎಂದು ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ಕಾಕಾ ಅಲ್ಲೇ ಬದಿಗೆ ತೆಗೆದು ಇಂಜಿನ್ ನಿಲ್ಲಿಸಿ ನನಗೆ ಫೋನ್ ಮಾಡಿದರು. "ಬೇರಿಂಗ್ ಹೋಗೈತೆ ಅಣ್ಣಾರೆ. ಇನ್ನೊಂದ್ಸಲ ಸ್ಟಾರ್ಟ್ ಮಾಡಂಗಿಲ್ಲ. ಕಟ್ಟಿ ಎಳಸ್ರಿ." ಅವರು ಅಲ್ಲೇ ನಿಲ್ಲಿಸಿದ್ದರಿಂದ ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕು ಉಳಿಯಿತು ಎಂದು ಆಮೇಲೆ ಗೊತ್ತಾಯಿತು. ಆ ದಿನ ನನಗೆ ಕಾಣಿಸಿದ್ದು ರಸ್ತೆ ಬದಿಯಲ್ಲಿ ನಿಂತ ಗಾಡಿ ಮತ್ತು ಲೇಥ್ ಅಂಗಡಿಯವರ ಫೋನುಗಳು ಮಾತ್ರ.

ಸರ್ವೀಸ್ ಸೆಂಟರಿಗೆ ಎಳೆಸಿಕೊಂಡು ಹೋದೆವು. ಗಾಡಿಗೆ ಇನ್ನೂ ವಾರಂಟಿ ಇತ್ತು. ಬಿಳಿ ಅಂಗಿಯ ಅಡ್ವೈಸರ್ ಒಬ್ಬ ಕಡ್ಡಿ ಎಳೆದು ನೋಡಿ, ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟ. ನಡುವೆ ಕಪ್ಪು ಚುಕ್ಕೆ ನಿಂತು, ಸುತ್ತಲೂ ಹಳದಿ ಜಿಡ್ಡು ಅಗಲವಾಗಿ ಹರಡಿತು. ಎರಡು ಬೆರಳ ನಡುವೆ ಉಜ್ಜಿ ಮೂಸಿದ.

"ಆಯಿಲಲ್ಲಿ ಡೀಸೆಲ್ ಸೇರಿದೆ ಸರ್. ನೀರಾಗಿದೆ. ಅದಕ್ಕೇ ಬೇರಿಂಗ್ ಹಿಡಿದಿದೆ."

"ಆಯಿಲಿಗೆ ಡೀಸೆಲ್ ಹೆಂಗೆ ಬರುತ್ತೆ?"

ಅವನು ನನ್ನನ್ನು ನೋಡಲಿಲ್ಲ, ಕಾಕಾರನ್ನು ನೋಡಿದ. "ಅದನ್ನ ನಿಮ್ಮ ಡ್ರೈವರನ್ನೇ ಕೇಳಿ. ಎಲ್ಲಿ ತುಂಬಿಸ್ತಾರೆ, ಏನು ತುಂಬಿಸ್ತಾರೆ. ಟ್ಯಾಂಕಿಂದ ತೆಗೆದು ಮಾರಿ, ಬದಲಿಗೆ ಕಲಬೆರಕೆ ಹಾಕೋರು ಬೇಕಾದಷ್ಟು ಜನ ಇದಾರೆ. ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಹಾಳಾಗಿ ಒಳಗೆ ಸೋರುತ್ತೆ. ಇದಕ್ಕೆ ವಾರಂಟಿ ಬರಲ್ಲ."

ಗಾಡಿಯ ಸೀಟಿನ ಹಿಂದೆ ಐದು ಲೀಟರಿನ ಒಂದು ಪ್ಲಾಸ್ಟಿಕ್ ಕ್ಯಾನ್ ಇತ್ತು. ಎಷ್ಟೋ ವರ್ಷದಿಂದ ಇತ್ತು. ನಾನು ಹೋಗಿ ಅದನ್ನು ತಂದು ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದೆ. ತಳದಲ್ಲಿ ನಾಲ್ಕು ಬೆರಳು ಡೀಸೆಲ್.

"ಇದೇನು?"

"ಕೈ ತೊಳ್ಕಳಾಕೆ ಅಣ್ಣಾರೆ. ಎರಕದ ಮಸಿ ಸೋಪಿಗೆ ಹೋಗಂಗಿಲ್ಲ, ನಿಮಗೂ ಗೊತ್ತೈತಲ್ಲ."

ನನಗೆ ಗೊತ್ತಿತ್ತು. ಎಷ್ಟೋ ಸಲ ಅದೇ ಕ್ಯಾನಿನಿಂದ ನಾನೂ ಕೈ ತೊಳೆದಿದ್ದೆ. ಆದರೆ ಅಲ್ಲಿ ಇನ್ನೂ ನಾಲ್ಕು ಜನ ಮಾಲೀಕರು ಕುರ್ಚಿಯ ಮೇಲೆ ಕೂತು ನೋಡುತ್ತಿದ್ದರು. ನನ್ನ ಗಾಡಿ ನನ್ನ ಕೈಮೀರಿ ಹಾಳಾಗಿದೆ ಎಂಬುದಕ್ಕಿಂತ, ನನ್ನ ಡ್ರೈವರ್ ನನ್ನ ಕಣ್ಣಿಗೆ ಮಣ್ಣೆರಚಿದ್ದಾನೆ ಎಂಬ ಕತೆ ಆ ಹೊತ್ತಿಗೆ ನನಗೆ ಹೆಚ್ಚು ಅನುಕೂಲವಾಗಿತ್ತು.

"ಎಷ್ಟು ವರ್ಷದಿಂದ ನಡೆಸಿದ್ದೀಯ ಇದನ್ನ?" ಎಂದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ಏಕವಚನ.

ಅವರು ಕ್ಯಾನಿನ ಮುಚ್ಚಳ ಹಾಕಿದರು. ಆಮೇಲೆ ನಿಧಾನವಾಗಿ, "ಆಯಿಲ್ ಏರೈತೆ ಅಂತ ನಾನೇ ಅಲ್ಲೇನ್ರಿ ನಿಮಗೆ ಹೇಳಿದ್ದು? ಕದ್ದೋನು ಹೇಳ್ತಾನೇನ್ರಿ?" ಎಂದರು.

 ಆ ಮಾತು ಸರಿಯಿದ್ದದ್ದಕ್ಕೇ ಸಿಟ್ಟು ಹೆಚ್ಚಾಯಿತು. ನಾಳೆಯಿಂದ ಬರಬೇಡ ಎಂದೆ. ಅವರು ಜೇಬಿನಿಂದ ಗಾಡಿಯ ಕೀಲಿ ತೆಗೆದು ಆ ಕ್ಯಾನಿನ ಪಕ್ಕದಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಅಡ್ವೈಸರ್ ಕಂಪ್ಯೂಟರಿನಿಂದ ಒಂದು ಕಾಗದ ತೆಗೆದು ಕೊಟ್ಟ. ಇಂಗ್ಲಿಷಿನಲ್ಲಿ ಎರಡು ಸಾಲು: ಕಲಬೆರಕೆ ಇಂಧನ, ಚಾಲಕನ ನಿರ್ಲಕ್ಷ್ಯ. ಒಪ್ಪಿ ಸಹಿ ಮಾಡಿದರೆ ಬಿಚ್ಚಿ ಕಟ್ಟುವ ಕೂಲಿಯಲ್ಲಿ ರಿಯಾಯಿತಿ ಕೊಡುತ್ತೇವೆ ಎಂದ. ಟ್ಯಾಂಕಿನ ಡೀಸೆಲ್ಲನ್ನು ಪರೀಕ್ಷೆ ಮಾಡಿದಿರಾ ಎಂದು ನಾನು ಕೇಳಲಿಲ್ಲ. ಸಹಿ ಮಾಡಿದೆ.

ಮಾರನೆಯ ದಿನ ಹರಿಹರಕ್ಕೆ ಬೈಕಿನಲ್ಲಿ ಹೋಗಿ ಫೌಂಡ್ರಿಯ ಗೇಟಿನವನಿಗೆ, ಇನ್ನು ಮೇಲೆ ಆ ಡ್ರೈವರ್ ಯಾರ ಗಾಡಿಯಲ್ಲಿ ಬಂದರೂ ಜೋಪಾನ ಎಂದೆ. ಯಾಕ್ರಿ, ಒಳ್ಳೆ ಮನುಷ್ಯ ಇದ್ನಲ್ಲ ಎಂದು ಅವನು ಕೇಳಿದ. "ಡೀಸೆಲ್" ಎಂದೆ. ಅದೊಂದೇ ಮಾತು. ಗೇಟಿನ ಎದುರು ಚಹದಂಗಡಿ, ಅಲ್ಲಿ ಹತ್ತು ಗಾಡಿಗಳ ಡ್ರೈವರುಗಳು. ಹೆಚ್ಚಿಗೆ ಹೇಳುವ ಅಗತ್ಯವೂ ಇರಲಿಲ್ಲ.

ಬೇರಿಂಗ್ ಬದಲಿಸಿ, ಕ್ರ್ಯಾಂಕಿಗೆ ಪಾಲಿಶ್ ಹಾಕಿ, ಹೊಸ ಆಯಿಲ್ ತುಂಬಿ ಗಾಡಿ ಕೊಡುವುದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಹೊಸ ಡ್ರೈವರ್ ಬಂದ. ಚುರುಕಿನವನು. ನಾನು ಅವನಿಗೆ ಮೊದಲ ದಿನವೇ ಹೇಳಿದ ನಿಯಮ ಎರಡು: ಡೀಸೆಲ್ಲನ್ನು ನಾನು ಹೇಳಿದ ಬಂಕಿನಲ್ಲಿ ನಾನೇ ನಿಂತು ಹಾಕಿಸುತ್ತೇನೆ, ಗಾಡಿ ನಿಂತ ಕೂಡಲೇ ಇಂಜಿನ್ ಆಫ್.

ಎರಡು ತಿಂಗಳು ಕಳೆದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಸುಮ್ಮನೆ ಗಾಡಿ ತೊಳೆಸುವಾಗ ಬಾನೆಟ್ ಎತ್ತಿ ಕಡ್ಡಿ ಎಳೆದೆ. ಮೇಲಿನ ಗೆರೆ ದಾಟಿ ಅರ್ಧ ಬೆರಳು. ಮೂಸಿದೆ. ಡೀಸೆಲ್.

ಮನೆಯ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಹೆಂಡತಿ ಬಂದು ಏನಾಯ್ತು ಎಂದಳು. ಏನಿಲ್ಲ ಎಂದೆ. ಹೊಸ ಡ್ರೈವರ್ ಕದ್ದಿದ್ದಾನೆ ಎನ್ನುವ ಹಾಗಿರಲಿಲ್ಲ. ಟ್ಯಾಂಕಿಗೆ ಬಿದ್ದ ಪ್ರತಿ ಹನಿಯನ್ನು ನಾನೇ ನಿಂತು ನೋಡಿದ್ದೆ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿ ಕೀಲಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ.

ಸರ್ವೀಸ್ ಸೆಂಟರಿಗೆ ಹೋಗುವ ಮೊದಲು ಹರಿಹರದಲ್ಲಿ ಇಂಜಿನ್ ಬೋರಿಂಗ್ ಮಾಡುವ ಹಳೆಯ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಎಪ್ಪತ್ತರ ಹತ್ತಿರದ ಮುದುಕ. ಹೊಸ ಗಾಡಿಗಳನ್ನು ಮುಟ್ಟುವುದಿಲ್ಲ, ಆದರೆ ಹಾಳಾಗಿ ಬಂದ ಪ್ರತಿ ಇಂಜಿನ್ನಿನ ಹೊಟ್ಟೆಯನ್ನು ನೋಡಿರುತ್ತಾರೆ. ನಾನು ಹೇಳುವುದನ್ನು ಅರ್ಧಕ್ಕೇ ನಿಲ್ಲಿಸಿ, "ಫ್ಯಾನ್ ಜೋರಾಗಿ ತಿರುಗೋ ಹೊತ್ತಿಗೆ ಗಾಡಿ ಆಫ್ ಮಾಡ್ತೀರೇನ್ರಿ?" ಎಂದು ಕೇಳಿದರು.

"ಹೌದ್ರಿ."

"ಹಂಗಾರೆ ನೀವೇ ಆಯಿಲಿಗೆ ಡೀಸೆಲ್ ಸುರದೀರಿ."

ಕೂಡ್ರಿ ಎಂದು ಖಾಲಿ ಆಯಿಲ್ ಡಬ್ಬವೊಂದನ್ನು ಮುಂದೆ ತಳ್ಳಿದರು. ಹೊಗೆ ಕೊಳವೆಯೊಳಗೆ ಮಸಿ ಹಿಡಿಯುವ ಒಂದು ಜರಡಿ ಇದೆ, ಮಸಿ ತುಂಬಿದಾಗ ಗಾಡಿ ಅದನ್ನು ತಾನೇ ಸುಟ್ಟುಕೊಳ್ಳುತ್ತದೆ ಎಂದರು. "ಸುಡಾಕೆ ಕಾವು ಬೇಕಲ್ರಿ? ಅದಕ್ಕೆ ಇಂಜಿನ್ ಒಂದಿಷ್ಟು ಹೆಚ್ಚಿನ ಡೀಸೆಲ್ ಸುರ್ಕಂತೈತೆ. ಒಂದೇ ಸಮನೆ ಅರವತ್ತರ ಮ್ಯಾಲೆ ಇಪ್ಪತ್ತು ನಿಮಿಷ ಓಡಿದ್ರೆ ಕೆಲ್ಸ ಮುಗೀತು. ನಿಮ್ಮ ಗಾಡಿ ಓಡೋದೇ ಹದಿನೈದು ಕಿಲೋಮೀಟರ್, ಅದೂ ನಿಂತು ನಿಂತು. ಒಲಿ ಹಚ್ಚಿದ ಕೂಡ್ಲೇ ನೀವು ನೀರು ಹಾಕ್ತೀರಿ. ಸುಡದೆ ಉಳಿದ ಡೀಸೆಲ್ ಪಿಸ್ಟನ್ ಪಕ್ಕದಾಗೆ ಇಳಿದು ಆಯಿಲಿಗೆ ಸೇರ್ತೈತೆ. ಮರುದಿನ ಮತ್ತೆ ಹಚ್ತೈತೆ, ಮತ್ತೆ ಆರಿಸ್ತೀರಿ. ಏರದೆ ಏನು ಮಾಡ್ತೈತೆ?"

"ನಮ್ಮ ಹಳೆ ಡ್ರೈವರ್ ತಾವಾಗಿ ಆಫ್ ಮಾಡ್ತಿರಲಿಲ್ಲ, ನಾನೇ ಮಾಡಿಸ್ತಿದ್ದೆ" ಎಂದೆ. 

"ಓದಿದೋನಿರಬೇಕು."

"ಇಲ್ರಿ. ಗಾಡಿ ಸದ್ದು ಕೇಳಿಸ್ಕಂಡಿದ್ರು."

ಮೇಸ್ತ್ರಿ ಹೇಳಿದ್ದನ್ನು ಅಷ್ಟಕ್ಕೇ ನಂಬಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಒಬ್ಬನ ಮಾತು ನಂಬಿ ಒಮ್ಮೆ ಕೆಟ್ಟಿದ್ದೆ. ಹೊಸ ಡ್ರೈವರಿಗೆ ರಜೆ ಕೊಟ್ಟು, ಆಯಿಲ್ ಪೂರ್ತಿ ಬದಲಿಸಿ, ಸರಿಯಾಗಿ ಗೆರೆಗೆ ತುಂಬಿಸಿ ನಾನೇ ಸ್ಟೇರಿಂಗ್ ಹಿಡಿದೆ. ಲೇಥ್ ಅಂಗಡಿಯಿಂದ ಆರಿಂಚಿನ ಸ್ಟೀಲ್ ಸ್ಕೇಲ್ ಒಂದನ್ನು ಇಸಿದುಕೊಂಡೆ. ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ಮನೆಯ ಮುಂದೆ ಸಮತಟ್ಟಾದ ಅದೇ ಜಾಗದಲ್ಲಿ, ಕಡ್ಡಿ ಎರಡು ಸಲ ಒರೆಸಿ ಅಳತೆ.

ಮೊದಲ ಎರಡು ವಾರ ನನ್ನದೇ ನಿಯಮ. ನಿಂತ ಕೂಡಲೇ ಆಫ್. ಐದು ಸಲ ಫ್ಯಾನ್ ಜೋರಾಗಿ ತಿರುಗುವಾಗಲೇ ನಿಲ್ಲಿಸಿದೆ. ಆಯಿಲ್ ಏಳು ಮಿಲಿಮೀಟರ್ ಏರಿತು.

ಮತ್ತೆ ಆಯಿಲ್ ಬದಲಿಸಿದೆ. ಈ ಸಲ ಕಾಕಾರ ನಿಯಮ. ಕೇಸರಿ ದೀಪ ಹತ್ತಿದರೆ ಅದು ಆರುವವರೆಗೆ ಓಡಿಸುವುದು. ಒಮ್ಮೆ ಫೌಂಡ್ರಿಯ ಗೇಟಿನ ಎದುರಿಗೇ ಓಟ ಏರಿತು. ಗೇಟಿನವನು ಬರ್ರಿ ಬರ್ರಿ ಎಂದು ಕೈ ಮಾಡುತ್ತಿದ್ದರೂ ಗಾಡಿ ತಿರುಗಿಸಿ ಹೆದ್ದಾರಿ ಹಿಡಿದು, ತುಂಗಭದ್ರೆಯ ಸೇತುವೆ ದಾಟಿ ರಾಣೇಬೆನ್ನೂರಿನ ದಿಕ್ಕಿಗೆ ಖಾಲಿ ಗಾಡಿ ಓಡಿಸಿದೆ. ಹದಿನೆಂಟನೆಯ ನಿಮಿಷಕ್ಕೆ ದೀಪ ಆರಿತು, ವಾಸನೆ ನಿಂತಿತು. ಗಾಡಿ ಮುಂಚಿನಂತೆ ಹಗುರಾಗಿ ಎಳೆಯತೊಡಗಿತು. ಎರಡು ವಾರದ ಕೊನೆಗೆ ಸ್ಕೇಲಿನಲ್ಲಿ ಅಳೆದರೆ ಒಂದು ಮಿಲಿಮೀಟರೂ ಏರಿರಲಿಲ್ಲ.

ಆ ಬೆಳಿಗ್ಗೆ ಸ್ಕೇಲ್ ಹಿಡಿದುಕೊಂಡು ನಿಂತಾಗ ಗೆದ್ದೆ ಎನಿಸಲಿಲ್ಲ. 

ಫೋನಿನಲ್ಲಿ ತೆಗೆದ ಅಳತೆಯ ಫೋಟೋಗಳನ್ನು ಇಟ್ಟುಕೊಂಡು ಸರ್ವೀಸ್ ಸೆಂಟರಿಗೆ ಹೋದೆ. ಅದೇ ಅಡ್ವೈಸರ್. ಎಲ್ಲ ಫೋಟೋಗಳನ್ನು ನೋಡಿ, ಸುತ್ತ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಕಣ್ಣಾಡಿಸಿ, ನನ್ನನ್ನು ಗಾಡಿ ತೊಳೆಯುವ ಜಾಗದ ಹಿಂದಕ್ಕೆ ಕರೆದುಕೊಂಡು ಹೋದ.

"ಸಿಟಿಯೊಳಗೇ ಓಡೋ ಗಾಡಿಗಳಿಗೆಲ್ಲ ಇದು ಇದ್ದದ್ದೇ ಸರ್. ಪುಸ್ತಕದಲ್ಲಿ ಬರೆದಿದ್ದಾರೆ."

"ಗಾಡಿ ಕೊಡೋ ದಿನ ಹಾರ ಹಾಕಿ ಫೋಟೋ ತೆಗೆಸಿದ್ರಿ. ಈ ದೀಪ ಏನು ಅಂತ ಒಬ್ರಾದರೂ ಹೇಳಿದ್ರೇನ್ರಿ?"

"ಹೇಳಬೇಕಿತ್ತು."

"ನನ್ನ ಡ್ರೈವರ್ ಕಳ್ಳ ಅನ್ನೋ ಹಂಗೆ ಹೆಂಗೆ ಬರದ್ರಿ? ಡೀಸೆಲ್ ಟೆಸ್ಟ್ ಮಾಡ್ಸಿದ್ರೇನು?"

ಅವನು ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟ. "ಬೇರೆ ಕಾರಣ ಬರೆದರೆ ಮೇಲಿನಿಂದ ನೂರು ಪ್ರಶ್ನೆ ಬರುತ್ತೆ ಸರ್. ಕಲಬೆರಕೆ ಅಂತ ಬರೆದರೆ ಯಾರೂ ಕೇಳಲ್ಲ. ನೀವೂ ಕೇಳಲಿಲ್ಲ."

ಕೊನೆಯ ಮಾತನ್ನು ಅವನು ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ಅದಕ್ಕೇ ಹೆಚ್ಚು ನಾಟಿತು.

ಮ್ಯಾನೇಜರನ್ನು ನೋಡಲು ನಾಲ್ಕು ಸಲ ಹೋಗಬೇಕಾಯಿತು. ಮೊದಲ ಸಲ ಮೀಟಿಂಗು, ಎರಡನೆಯ ಸಲ ರಜೆ, ಮೂರನೆಯ ಸಲ ಕಾಯಿಸಿ ಕಾಯಿಸಿ ಊಟಕ್ಕೆ ಎದ್ದು ಹೋದರು. ನಾಲ್ಕನೆಯ ಸಲ ಕೂರಿಸಿ ತಣ್ಣನೆಯ ನೀರು ಕೊಟ್ಟರು. ಕಾಗದ ಬದಲಿಸಲು ಆಗುವುದಿಲ್ಲ, ನೀವೇ ಸಹಿ ಮಾಡಿದ್ದೀರಿ ಎಂದರು. ಅದು ನಿಜ. ಆದರೆ ನಮ್ಮ ಹಳೆಯ ಗ್ರಾಹಕರು ನೀವು, ಮಸಿ ತುಂಬಿದ ಆ ಫಿಲ್ಟರನ್ನು ಪುಕ್ಕಟೆ ಬದಲಿಸಿ ಕೊಡುತ್ತೇವೆ, ಇಂಜೆಕ್ಟರುಗಳನ್ನೂ ನೋಡುತ್ತೇವೆ, ಹಿಂದಿನ ರಿಪೇರಿಯ ಬಗ್ಗೆ ತಕರಾರಿಲ್ಲ ಎಂದು ಬರೆದುಕೊಡಿ ಎಂದರು.

ಆ ಫಿಲ್ಟರಿನ ಬೆಲೆ ಕೇಳಿದರೆ ಯಾವ ಪಿಕಪ್ಪಿನವನಿಗೂ ಬಾಯಿ ಒಣಗುತ್ತದೆ. ನಮ್ಮ ಗಾಡಿಯದು ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿತ್ತು. ವಕೀಲರೊಬ್ಬರನ್ನು ಆಗಲೇ ಕೇಳಿದ್ದೆ. ಗ್ರಾಹಕರ ಕೋರ್ಟಿಗೆ ಹೋಗಬಹುದು, ಗೆಲ್ಲಲೂಬಹುದು, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ ಎಂದಿದ್ದರು. ಆ ವರ್ಷಗಳಷ್ಟೂ ಕಾಕಾ ಆ ಕಾಗದದಲ್ಲಿ ಕಳ್ಳನಾಗಿಯೇ ಇರಬೇಕು.

"ಫಿಲ್ಟರ್ ಬ್ಯಾಡ" ಎಂದೆ. "ಹಿಂದಿನ ರಿಪೇರಿದೂ ಬ್ಯಾಡ, ಮುಂದಿಂದೂ ಬ್ಯಾಡ. ಏನೂ ಕೇಳಂಗಿಲ್ಲ ಅಂತ ಬರ್ಕೊಡ್ತೀನಿ. ನನಗೆ ಎರಡು ಸಾಲು ಬೇಕು. ಆಯಿಲಿಗೆ ಡೀಸೆಲ್ ಸೇರಿದ್ದು ಗಾಡಿಯ ಮಸಿ ಸುಡೋ ಕೆಲ್ಸ ಅರ್ಧಕ್ಕೆ ನಿಂತಿದ್ದರಿಂದ. ಡ್ರೈವರ್ ಕಲಬೆರಕೆ ಮಾಡಿದ್ದಕ್ಕೆ ಯಾವ ಪುರಾವೆನೂ ಇಲ್ಲ. ಅಷ್ಟೇ."

ಮ್ಯಾನೇಜರ್ ನನ್ನನ್ನು ವಿಚಿತ್ರವಾಗಿ ನೋಡಿದರು. ಇಷ್ಟಕ್ಕೆ ಅಷ್ಟನ್ನು ಬಿಟ್ಟುಕೊಡುತ್ತಿದ್ದಾನಲ್ಲ, ಇದರಲ್ಲೇನೋ ಇದೆ ಎಂದು ಅನುಮಾನ. ಯಾರಿಗೋ ಫೋನ್ ಮಾಡಿ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಮೊದಲು ನನ್ನಿಂದ ಬರೆಸಿಕೊಂಡರು, ಸಹಿ ಹಾಕಿಸಿಕೊಂಡರು. ಆಮೇಲೆ ಆ ಎರಡು ಸಾಲು ಬಂತು, ಮೊಹರಿನ ಸಮೇತ. ಸತ್ಯ ಬರೆದುಕೊಡಲು ಅವರಿಗೆ ಏನೂ ಅಡ್ಡಿಯಿರಲಿಲ್ಲ. ಅದರಿಂದ ಅವರಿಗೆ ಏನೂ ಆಗುವುದಿಲ್ಲ ಎಂದು ಖಾತ್ರಿಯಾಗಬೇಕಿತ್ತು, ಅಷ್ಟೇ.

ಅಲ್ಲಿಂದ ಮನೆಗೆ ಬರದೆ ನೇರ ಹರಿಹರಕ್ಕೆ ಹೋದೆ. ಗೇಟಿನವನನ್ನೂ ಚಹದಂಗಡಿಯಲ್ಲಿದ್ದ ಡ್ರೈವರುಗಳನ್ನೂ ಕೂರಿಸಿಕೊಂಡು, ತಪ್ಪು ಮಾಡಿದವನು ನಾನು, ಆ ಮನುಷ್ಯನಲ್ಲ ಎಂದು ಬಿಡಿಸಿ ಹೇಳಿದೆ. ಒಬ್ಬ ವಯಸ್ಸಾದ ಡ್ರೈವರ್ ಮಾತ್ರ ಎದ್ದು ಗ್ಲಾಸಿನಲ್ಲಿದ್ದ ಚಹವನ್ನು ನೆಲಕ್ಕೆ ಚೆಲ್ಲಿ ಹೋದ. ಉಳಿದವರು ತಲೆಯಾಡಿಸಿದರು.

ಮಾರನೆಯ ದಿನ ಆವರಗೆರೆಗೆ ಹೋದೆ. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಊರ ಹೊರಗೆ ಮೆಕ್ಕೆಜೋಳದ ಗೋದಾಮಿಗೆ ಹೋಗ್ಯಾರೆ ಎಂದರು, ಕೂಡ್ರಿ ಎನ್ನಲಿಲ್ಲ. ಗೋದಾಮಿನ ಅಂಗಳದಲ್ಲಿ ಎಕರೆಗಟ್ಟಲೆ ಕಾಳು ಹರಡಿದ್ದರು. ಬಿಸಿಲಲ್ಲಿ ನಾಲ್ಕೈದು ಜನ ಹಲಗೆ ಕಟ್ಟಿದ ಕೋಲಿನಿಂದ ಕಾಳು ಎಳೆಯುತ್ತ ಸಾಲು ಮಾಡುತ್ತಿದ್ದರು. ಅದರಲ್ಲೊಬ್ಬರು ಅವರು. ಬರಿಗಾಲು. ನನ್ನನ್ನು ನೋಡಿಯೂ ಆ ಸಾಲು ಮುಗಿಯುವವರೆಗೆ ಎಳೆದು, ಆಮೇಲೆ ಹತ್ತಿರ ಬಂದರು.

ನಾನು ಎಲ್ಲವನ್ನೂ ಹೇಳಿದೆ. ಮೇಸ್ತ್ರಿ ಹೇಳಿದ್ದು, ಸ್ಕೇಲು, ಏಳು ಮಿಲಿಮೀಟರು, ರಾಣೇಬೆನ್ನೂರಿನ ದಾರಿ. ಅವರು ತಲೆ ತಗ್ಗಿಸಿ ಕೇಳಿದರು. ಕಾಗದ ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು.

"ಕ್ರ್ಯಾಂಕ್ ಏನಾತು?" ಅವರು ಮೊದಲು ಕೇಳಿದ್ದು ಅದು.

"ಉಳೀತು. ಪಾಲಿಶ್ ಸಾಕಾತು. ನೀವು ಅಲ್ಲೇ ಆಫ್ ಮಾಡಿದ್ದಕ್ಕೆ."

"ಹೂಂ" ಎಂದರು. ಮುಖದಲ್ಲಿ ಕ್ಷಣ ಮಾತ್ರ ಏನೋ ಸಡಿಲವಾಯಿತು, ಮತ್ತೆ ಬಿಗಿಯಾಯಿತು.

"ಕಾಕಾ, ನಾಳೆಯಿಂದ ಬರ್ರಿ. ಗಾಡಿ ನಿಮ್ದೇ."

"ಇಲ್ರಿ. ಆಗಂಗಿಲ್ಲ." ಸಿಟ್ಟಿರಲಿಲ್ಲ ದನಿಯಲ್ಲಿ. "ಮೂರು ತಿಂಗಳು ಗಾಡಿ ಸ್ಟ್ಯಾಂಡಿಗೆ ಹೋಗಿ ನಿಂತೀನಿ. ಒಬ್ಬನೂ ಕೀಲಿ ಕೊಡಲಿಲ್ಲ. ನೀವು ಕಳ್ಳ ಅಂದ್ರಿ, ಆದೆ. ಈಗ ನೀವು ಅಲ್ಲ ಅಂದ್ರಿ, ಅಲ್ಲ ಆದೆ. ನಾಳೆ ಮತ್ತೇನಾದ್ರೂ ಕೆಟ್ರೆ ನೀವು ಏನಂತೀರೋ ಅಂತ ಕಾಯ್ಕಂತ ಗಾಡಿ ಓಡ್ಸಾಕಾಗಲ್ಲ ನನ್ಕೈಲಿ."

ನಾನು ಅವರ ಕೈ ಹಿಡಿಯಲು ಹೋದೆ. ಅವರು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಒಂದು ಕೆಲ್ಸ ಮಾಡ್ರಿ" ಎಂದರು. "ಹರಿಹರದಾಗೆ ನಮ್ಮ ಮಗಳ ಮನೆ ಐತೆ. ಅವಳ ಮಾವ ಅದೇ ಫೌಂಡ್ರಿಯಾಗೆ ಕೆಲ್ಸ ಮಾಡ್ತಾರೆ. ಗೇಟಿನಾಗೆ ಆದ ಮಾತು ಅವತ್ತೇ ಮನೆ ಮುಟ್ಟೈತೆ. ದಿನಾ ಉಣ್ಣಾಕೆ ಕೂತಾಗೆಲ್ಲ ಅವಳಿಗೆ ಅದೇ ಮಾತು. ಹಬ್ಬಕ್ಕೆ ಕರಿಯಾಕೆ ಹೋದ್ರೆ ನನ್ನ ಒಳಗೆ ಬಿಡಲಿಲ್ಲ. ಅಲ್ಲಿ ಹೋಗಿ ಹೇಳ್ರಿ. ನನಗೆ ಹೇಳಿ ಏನೈತೆ, ನನಗೆ ಗೊತ್ತಿದ್ದದ್ದೇ."

ಅಂದೇ ಸಂಜೆ ಹೋದೆ. ನದಿಯ ಕಡೆಗಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮಾವ ಆಗಷ್ಟೇ ಪಾಳಿ ಮುಗಿಸಿ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದೆ. ಅವರಿಗೆ ಗೊತ್ತಿತ್ತು. ನಡೆದದ್ದನ್ನು ಮೊದಲಿನಿಂದ ಹೇಳತೊಡಗಿದೆ. ಬಾಗಿಲ ಒಳಗೆ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ನಿಂತಳು. ಮುಖ ನೋಡಿದರೆ ಯಾರ ಮಗಳೆಂದು ಹೇಳಬೇಕಾಗಿರಲಿಲ್ಲ.

ಮಾವ ಪೂರ್ತಿ ಕೇಳಿದರು. ಕೇಳಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇಷ್ಟು ದಿನ ಆದ ಮ್ಯಾಲೆ ಹೇಳಾಕೆ ಬಂದೀರಿ. ಬೀಗ್ರು ಎಷ್ಟು ಕೊಟ್ರು ನಿಮಗೆ?" ಎಂದರು.

ನನಗೆ ತಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಸಿಟ್ಟು ಬರಲಿಲ್ಲ. ಕಳ್ಳ ಎಂದು ನಾನು ಹೇಳಿದಾಗ ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ಆಗ ನನ್ನ ಒಂದು ಮಾತೇ ಸಾಕಾಗಿತ್ತು. ಜೇಬಿನಿಂದ ಕಾಗದ ತೆಗೆದು ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. ಇಂಗ್ಲಿಷು ಯಾರಿಗೆ ಬರುತ್ತೆ ಎಂದರು.

"ನನಗೆ ಬರುತ್ತೆ" ಎಂದಳು ಬಾಗಿಲಲ್ಲಿದ್ದವಳು.

ಸೆರಗಿಗೆ ಕೈ ಒರೆಸಿಕೊಂಡು ಬಂದು ಕಾಗದ ತೆಗೆದುಕೊಂಡಳು. ಒಂದು ಸಲ ಮನಸ್ಸಿನಲ್ಲೇ ಓದಿದಳು. ಆಮೇಲೆ ಕಟ್ಟೆಯ ಮೇಲೆ ಕೂತ ಮಾವನಿಗೂ, ಎದುರು ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಗಸರಿಗೂ ಕೇಳುವ ಹಾಗೆ ಜೋರಾಗಿ, ಒಂದೊಂದೇ ಮಾತಿಗೆ ಕನ್ನಡ ಮಾಡಿ ಓದಿದಳು. ಪುರಾವೆ ಇಲ್ಲ ಎನ್ನುವಲ್ಲಿಗೆ ಬಂದಾಗ ನಿಲ್ಲಿಸಿದಳು. ಆ ಸಾಲನ್ನು ಮೊದಲಿನಿಂದ ಮತ್ತೆ ಓದಿದಳು.

ಮಾವ ಓಣಿಯ ಕಡೆ ಮುಖ ತಿರುಗಿಸಿ ಕೂತಿದ್ದರು. 

ಅವಳು ಕಾಗದವನ್ನು ನಾಲ್ಕಾಗಿ ಮಡಿಸಿದಳು. ನಾನು ವಾಪಸ್ ಪಡೆಯಲು ಕೈ ಚಾಚಿದೆ.

"ಇದು ನನ್ನ ಹತ್ರ ಇರ್ಲಿ" ಎಂದು ಒಳಗೆ ಹೋದಳು. ಒಲೆಯ ಮೇಲೆ ಹಂಚು ಕಾದು ಹೊಗೆಯಾಡುತ್ತಿತ್ತು. ಅವಳು ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.